ಲಲಿತಮಹಲಿನ ಬಿಳುಪು

ಮೈಸೂರಿನ ಲಲಿತಮಹಲ್ ಅರಮನೆ ಅಂದ್ರೆ ಎಲ್ಲರ ಕಣ್ಣೂ ಗುಮ್ಮಟದ ಮೇಲೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಮಾದರಿ. ನಕ್ಷೆ ಬೊಂಬಾಯಿಯ ಇ. ಡಬ್ಲ್ಯು. ಫ್ರಿಚ್ಲಿಯದು. ವೈಸರಾಯ್ ಬಂದರೆ ಇಳಿದುಕೊಳ್ಳೋಕೆ ಅಂತ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕೆಲಸ ಶುರು ಮಾಡಿಸಿದರು. 1974ರಲ್ಲಿ ಹೋಟೆಲಾಯ್ತು, ಬಾಲ್‌ರೂಮೇ ಊಟದ ಹಾಲ್. ಊಟಕ್ಕೆ ಕೂತವರು ಒಮ್ಮೆ ಕತ್ತೆತ್ತಿ ಸೂರಿನ ಬಣ್ಣದ ಗಾಜು ನೋಡಬೇಕು, ಮೆನು ಆಮೇಲೆ.

ಆದ್ರೆ ಇಂಥ ಕಟ್ಟಡ ಉಳಿಸೋದು ಮಾತ್ರ ಬೇರೆಯದೇ ಕಸುಬು. ಸುಣ್ಣದ ಗಾರೆಯ ಗೋಡೆ ಮಳೆಗಾಲದಲ್ಲಿ ತೇವ ಕುಡಿದು, ಬಿಸಿಲಿಗೆ ಬಿಟ್ಟುಕೊಡುತ್ತೆ. ಬಿರುಕು ಕಂಡ ಕೂಡಲೇ ಸಿಮೆಂಟ್ ಮೆತ್ತಿ ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಆ ತೇವಕ್ಕೆ ದಾರಿಯೇ ಇಲ್ಲ. ಉಪ್ಪು ಬಿಳಿಯಾಗಿ ಒಸರುತ್ತೆ, ಬಣ್ಣ ಗುಳ್ಳೆ ಎದ್ದು ಹಪ್ಪಳದ ಹಾಗೆ ಚಕ್ಕೆ ಬೀಳುತ್ತೆ, ಹಿಂದೆಯೇ ಗಾರೆಯೂ ಕಳಚುತ್ತೆ. ಅದರ ಬದಲು, ನೀರು ಹಾಕಿ ಅರಳಿಸಿ, ನೆನೆಯಿಟ್ಟು ಹದ ಮಾಡಿದ ಸುಣ್ಣಕ್ಕೆ ಜರಡಿ ಹಿಡಿದ ಮರಳು ಸೇರಿಸಿ, ಬಿರುಕನ್ನು ನೀರಲ್ಲಿ ನೆನೆಸಿ, ತೆಳುವಾಗಿ ಪದರ ಪದರ ಕೊಡಬೇಕು. ಒಂದೇ ಸಲ ದಪ್ಪಗೆ ಬಳಿದರೆ ಒಣಗುವಾಗ ಮತ್ತೆ ಸೀಳುತ್ತೆ. ನಿಧಾನದ ಕೆಲಸ, ಹಾಗಾಗಿ ಕಂಟ್ರಾಕ್ಟರ್‌ಗಳಿಗೆ ಪ್ರೀತಿ ಕಮ್ಮಿ.

ಸುತ್ತ ತೋಟ ಇರೋ ಕಡೆ ಇನ್ನೊಂದು ಕಾಟ: ತಾರಸಿಯ ಮಳೆನೀರಿನ ಕೊಳವೆಗೆ ಎಲೆ ಕಟ್ಟಿಕೊಳ್ಳುತ್ತೆ. ನೀರು ನಿಂತ ಜಾಗಕ್ಕೆ ಹಕ್ಕಿ ಹಿಕ್ಕೆಯಿಂದ ಅರಳಿಯ ಬೀಜ ಬೀಳುತ್ತೆ. ಮೊಳಕೆಯಲ್ಲೇ ಬೇರುಸಮೇತ ಕೀಳಬೇಕು; ಬರೀ ಕತ್ತರಿಸಿದ್ರೆ ಮತ್ತೆ ಚಿಗುರಿ ಕಲ್ಲನ್ನೇ ಪಕ್ಕಕ್ಕೆ ತಳ್ಳುತ್ತೆ.

ಅರಮನೆ ಕಟ್ಟಿಸಿದವರ ಹೆಸರು ಎಲ್ಲರಿಗೂ ಗೊತ್ತು. ಮುಂಗಾರಿಗೆ ಮುಂಚೆ ತಾರಸಿ ಗುಡಿಸೋರ ಹೆಸರು ಯಾವ ಬೋರ್ಡಿನಲ್ಲೂ ಇರಲ್ಲ ಬಿಡಿ.