ಮಸುಕಾದ ಹದಿನೇಳನೇ ಫೋಟೊ

ಆ ಹಕ್ಕಿ ನಮ್ಮ ಜೀಪಿನ ಪಕ್ಕದಲ್ಲಿ ಹಾದು ಹೋಗಲು ಆರೇಳು ಸೆಕೆಂಡ್ ಸಾಕಾಯಿತು. ಅದು ಯಾವುದು ಅಂತ ತಿಳಿಯುವ ಹೊತ್ತಿಗೆ ರಾತ್ರಿ ಹನ್ನೊಂದಾಗಿತ್ತು.

ಜನವರಿಯಲ್ಲಿ ನಾನು, ಅಕ್ಕ ಇಬ್ಬರೂ ಗುಜರಾತಿನ ವೆಲಾವದರಕ್ಕೆ ಹೋಗಿದ್ದೆವು. ಭಾವನಗರದಿಂದ ಸುಮಾರು ಒಂದು ಗಂಟೆಯ ದಾರಿ. 1976ರಲ್ಲಿ ರಾಷ್ಟ್ರೀಯ ಉದ್ಯಾನವಾದ ಜಾಗ, ವಿಸ್ತೀರ್ಣ ಬರೀ 34 ಚದರ ಕಿಲೋಮೀಟರ್. ಹೆಚ್ಚಿನವರು ಇಲ್ಲಿಗೆ ಬರುವುದು ಕೃಷ್ಣಮೃಗ ನೋಡಲು. ನಾವು ಹೋಗಿದ್ದು ಹ್ಯಾರಿಯರ್‌ಗಳಿಗಾಗಿ. ಕಜಾಕಸ್ತಾನದ ಕಡೆಯ ಬಯಲುಗಳಲ್ಲಿ ಮರಿ ಮಾಡುವ ಈ ಬೇಟೆಹಕ್ಕಿಗಳು ಚಳಿಗಾಲ ಕಳೆಯಲು ಇಲ್ಲಿಗೆ ಬರುತ್ತವೆ. ಹಗಲೆಲ್ಲ ಹೊಲಗಳ ಮೇಲೆ ಮಿಡತೆ, ಸಣ್ಣ ಹಕ್ಕಿ, ಓತಿಕ್ಯಾತ ಹುಡುಕುತ್ತಾ ಸುತ್ತಿ, ಸಂಜೆ ಹುಲ್ಲಿನ ನಡುವೆ ನೆಲದ ಮೇಲೇ ಮಲಗುತ್ತವೆ. ಹದ್ದಿನಂಥ ಹಕ್ಕಿ ಮರ ಬಿಟ್ಟು ನೆಲದಲ್ಲಿ ಮಲಗುತ್ತೆ ಅಂದರೆ ಅಕ್ಕ ಮೊದಲು ನಂಬಲೇ ಇಲ್ಲ.

ಗೇಟು ತೆಗೆಯುವ ಹೊತ್ತಿಗೆ ಹುಲ್ಲಿನ ಮೇಲೆ ಮಂಜು ಇತ್ತು. ಮೊಣಕಾಲೆತ್ತರದ ಒಣ ಹುಲ್ಲು, ಅಂಚಿನಲ್ಲಿ ನಮಗೆ ಚೆನ್ನಾಗಿ ಗೊತ್ತಿರುವ ಬಳ್ಳಾರಿ ಜಾಲಿ. ನೀಲಗಾಯಿಗಳು ದಾರಿ ದಾಟಿದವು. ಮೊದಲ ಒಂದು ಗಂಟೆಯ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ.

ಆಮೇಲೆ ಅದು ಬಂತು. ಹುಲ್ಲಿನ ತುದಿಗೆ ಅಂಟಿಕೊಂಡ ಹಾಗೆ, ನೆಲದಿಂದ ಎರಡು ಮೂರು ಅಡಿ ಮೇಲೆ. ನಾಲ್ಕು ಸಲ ರೆಕ್ಕೆ ಬಡಿಯುವುದು, ಆಮೇಲೆ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆತ್ತಿ ತೇಲುವುದು. ಕಂದು ಬೆನ್ನು, ಕಿತ್ತಳೆ ಬಣ್ಣದ ಹೊಟ್ಟೆ. ನಾನು ಬೆರಳು ತೆಗೆಯದೆ ಶಟರ್ ಒತ್ತಿದೆ. 41 ಫೋಟೊ ಬಂದವು.

'ಮೊಂಟಾಗು ಹ್ಯಾರಿಯರ್' ಅಂದೆ ನಾನು. ಪಕ್ಕದಲ್ಲಿ ಕೂತಿದ್ದ ಗೈಡ್ ಇಲ್ಲ ಅನ್ನಲಿಲ್ಲ, ಹೌದು ಅನ್ನಲೂ ಇಲ್ಲ. 'ರಂಗ್ ಛೋಡೋ ಬೆನ್, ಗರ್ದನ್ ದೇಖೋ' ಅಂದರು ಅಷ್ಟೇ. ಬಣ್ಣ ಬಿಡಿ, ಕತ್ತು ನೋಡಿ.

ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತಾಗ ನನಗೆ ತುಂಬಾ ಇಷ್ಟವಾಗಿದ್ದು ಒಂಬತ್ತನೇ ಫೋಟೊ. ಹಕ್ಕಿ ನೇರವಾಗಿ ನಮ್ಮತ್ತ ಬರುತ್ತಿದೆ. ಕಣ್ಣಲ್ಲಿ ಬೆಳಕು, ಒಂದೊಂದು ಗರಿಯೂ ಸ್ಪಷ್ಟ. ಆದರೆ ಅದರಿಂದ ಏನೂ ತಿಳಿಯುವಂತಿರಲಿಲ್ಲ. ಬೆನ್ನು ಕಾಣಲ್ಲ, ಬಾಲ ಕಾಣಲ್ಲ, ರೆಕ್ಕೆಯ ಕೆಳಭಾಗ ಪೂರ್ತಿ ನೆರಳಲ್ಲಿದೆ. ನೆರಳಿಗೆ ಬೆಳಕು ಕೊಟ್ಟು ನೋಡಿದೆವು. ಕಪ್ಪು ಬೂದಾಯಿತು, ವಿವರ ಬರಲಿಲ್ಲ. ಬೇಟೆಹಕ್ಕಿಯ ಫೋಟೊ ನೋಡುವಾಗ ಇದು ತುಂಬಾ ಮುಖ್ಯ ಅಂತ ನನಗನ್ನಿಸುತ್ತೆ: ನೆರಳು ಬಿದ್ದ ರೆಕ್ಕೆಯನ್ನು ಕಪ್ಪು ರೆಕ್ಕೆ ಅಂದುಕೊಳ್ಳಬಾರದು. ಮುಂಜಾನೆ, ಮುಸ್ಸಂಜೆಯ ಬಿಸಿಲು ಬಿಳಿ ಗರಿಗೂ ಕೆಂಪು ಬಳಿಯುತ್ತದೆ. ಗೈಡ್ ಬಣ್ಣ ಬಿಡಿ ಅಂದಿದ್ದು ಅದಕ್ಕೇ.

ಹಾಗಾಗಿ ಮೊದಲಿನಿಂದ ಶುರು ಮಾಡಿದೆವು. ಬಾಲ ಉದ್ದ, ತುದಿಯಲ್ಲಿ ಕವಲಿಲ್ಲ. ಅಲ್ಲಿಗೆ ಊರಲ್ಲೆಲ್ಲ ಕಾಣುವ ಕರಿ ಹದ್ದು ಅಲ್ಲ. ಹಕ್ಕಿ ದೂರ ಹೋಗುವಾಗ ತೆಗೆದ ಫೋಟೊದಲ್ಲಿ ಬಾಲದ ಬುಡದಲ್ಲಿ ಬಿಳಿ ಪಟ್ಟೆ ಎದ್ದು ಕಾಣುತ್ತಿತ್ತು. ಮಾರ್ಷ್ ಹ್ಯಾರಿಯರ್‌ಗೆ ಹಾಗಿರಲ್ಲ, ಅದೂ ಹೋಯಿತು. ರೆಕ್ಕೆ ತುದಿಯಲ್ಲಿ ಬೆರಳಿನ ಹಾಗೆ ಬಿಡಿಸಿಕೊಂಡ ಗರಿಗಳನ್ನು ಅಕ್ಕ ಪೆನ್ನಿನ ತುದಿಯಿಂದ ಎಣಿಸಿದಳು. ನಾಲ್ಕು. ಹೆನ್ ಹ್ಯಾರಿಯರ್‌ಗೆ ಐದು ಇರುತ್ತವೆ. ಉಳಿದಿದ್ದು ಎರಡೇ: ಮೊಂಟಾಗು, ಪ್ಯಾಲಿಡ್.

ಕಷ್ಟ ಇರುವುದು ಇಲ್ಲೇ. ಬೆಳೆದ ಗಂಡುಗಳಾದರೆ ಸುಲಭ. ಮೊಂಟಾಗು ಗಂಡಿಗೆ ಬೂದು ರೆಕ್ಕೆಯ ಮೇಲೆ ಅಡ್ಡಲಾಗಿ ಒಂದು ಕಪ್ಪು ಗೆರೆ. ಪ್ಯಾಲಿಡ್ ಗಂಡು ತೀರಾ ತಿಳಿ ಬೂದು, ರೆಕ್ಕೆ ತುದಿಯಲ್ಲಿ ಮಾತ್ರ ಕಪ್ಪು ಬೆಣೆ. ಹೆಣ್ಣು ಮತ್ತು ಎಳೆಯ ಹಕ್ಕಿಗಳು ಎರಡರಲ್ಲೂ ಕಂದು. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಹೆನ್ ಹ್ಯಾರಿಯರ್‌ನ ಬೂದು ಗಂಡು, ಕಂದು ಹೆಣ್ಣು ಬೇರೆ ಬೇರೆ ಜಾತಿ ಅಂತಲೇ ಜನ ನಂಬಿದ್ದರು. ಜಾರ್ಜ್ ಮೊಂಟಾಗು ಎಂಬಾತ ಮರಿಗಳನ್ನು ಸಾಕಿ, ಅವು ಬಣ್ಣ ಬದಲಿಸುವುದನ್ನು ಕಾದು ನೋಡಿ, ಎರಡೂ ಒಂದೇ ಅಂತ ತೋರಿಸಿದ. ಮೊಂಟಾಗು ಹ್ಯಾರಿಯರ್‌ಗೂ ಅವನದೇ ಹೆಸರು. ಅವನ ತಾಳ್ಮೆ ನೆನೆದರೆ ನನಗೆ ಗೌರವ ಬರುತ್ತೆ.

ನಮ್ಮ ಹಕ್ಕಿಯ ಹೊಟ್ಟೆಯಲ್ಲಿ ಗೀರುಗಳಿರಲಿಲ್ಲ, ಬರೀ ಕಿತ್ತಳೆ. ಅಂದರೆ ಹಿಂದಿನ ಬೇಸಿಗೆಯಲ್ಲಿ ಹುಟ್ಟಿದ ಮರಿ. ತಾಯಿಯ ಜೊತೆಯಿಲ್ಲದೆ, ಮೊದಲ ವರ್ಷವೇ ಅಷ್ಟು ದೂರ ಹಾರಿ ಬಂದಿತ್ತು.

ಅಕ್ಕ ಸ್ಪಷ್ಟವಾದ ಫೋಟೊಗಳನ್ನೆಲ್ಲ ಬದಿಗಿಟ್ಟು, ನಾನು ಅಳಿಸಬೇಕು ಅಂತ ಗುರುತು ಹಾಕಿದ್ದವನ್ನು ತೆರೆದಳು. ಹದಿನೇಳನೆಯದರಲ್ಲಿ ನಿಂತಳು. ಅದು ಮಸುಕು. ಹಕ್ಕಿ ಏನನ್ನೋ ಕಂಡು ಗಕ್ಕನೆ ತಿರುಗಿದೆ, ಒಂದು ರೆಕ್ಕೆ ಮೇಲೆ, ಒಂದು ಕೆಳಗೆ, ಕತ್ತು ಪಕ್ಕಕ್ಕೆ.

'ಇಲ್ಲಿ ನೋಡೇ, ಕುತ್ತಿಗೆಗೆ ಪಟ್ಟಿ ಕಟ್ಟಿದ ಹಾಗಿದೆ' ಅಂದಳು.

ನಿಜವಾಗಿಯೂ ಇತ್ತು. ಕೆನ್ನೆಯ ಕಪ್ಪು ಕಲೆಯ ಹಿಂದೆ, ಕಿವಿಯಿಂದ ಗಂಟಲಿನವರೆಗೆ ತಿಳಿ ಬಣ್ಣದ ಅಗಲ ಪಟ್ಟಿ. ಅದರ ಹಿಂದೆ ಕುತ್ತಿಗೆಯ ಬದಿ ಗಾಢ ಕಂದು. ಎಳೆಯ ಪ್ಯಾಲಿಡ್‌ನ ಗುರುತು ಅದು. ಎಳೆಯ ಮೊಂಟಾಗು ಆಗಿದ್ದರೆ ಕಣ್ಣಿನ ಸುತ್ತ ಬಿಳಿ ಹೆಚ್ಚಾಗಿ ಇರುತ್ತಿತ್ತು, ಹೀಗೆ ಸ್ಪಷ್ಟವಾದ ಪಟ್ಟಿ ಇರುತ್ತಿರಲಿಲ್ಲ. ಒಂದೇ ಗುರುತು ನಂಬಲು ಮನಸ್ಸಾಗದೆ ಬಿಸಿಲು ಬಿದ್ದ ರೆಕ್ಕೆಯ ಕೆಳಭಾಗವನ್ನೂ ನೋಡಿದೆವು. ಮೊಂಟಾಗು ಮರಿಗೆ ಬೆರಳಿನಂಥ ಗರಿಗಳು ಕಪ್ಪಗಿರುತ್ತವೆ. ಇದಕ್ಕೆ ಅವು ತಿಳಿಯಾಗಿದ್ದವು, ತೆಳು ಅಡ್ಡ ಗೆರೆಗಳಿದ್ದವು. ಪ್ಯಾಲಿಡ್ ಹ್ಯಾರಿಯರ್. ಅಪಾಯದ ಅಂಚಿಗೆ ಹತ್ತಿರ ಬಂದಿರುವ ಜಾತಿ ಅಂತ ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿರುವ ಹಕ್ಕಿ. ನನಗೆ ಎದೆ ತುಂಬಿ ಬಂತು.

ಮರುದಿನ ಸಂಜೆ ಹ್ಯಾರಿಯರ್‌ಗಳು ಮಲಗುವ ಹುಲ್ಲಿನ ಹತ್ತಿರ, ಸಾಕಷ್ಟು ದೂರದಲ್ಲೇ, ಜೀಪ್ ನಿಲ್ಲಿಸಿದೆವು. ಕ್ಯಾಮೆರಾ ಪರದೆಯಲ್ಲಿ ಆ ಹದಿನೇಳನೆಯದನ್ನು ಗೈಡ್‌ಗೆ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿ, ತಮ್ಮ ಕತ್ತಿನ ಸುತ್ತ ಬೆರಳಿನಿಂದ ಒಂದು ಗೆರೆ ಎಳೆದು ನಕ್ಕರು.

ಸೂರ್ಯ ಇಳಿಯುತ್ತಿದ್ದ ಹಾಗೆ ಹಕ್ಕಿಗಳು ಎಲ್ಲ ದಿಕ್ಕಿನಿಂದ ಬರತೊಡಗಿದವು. ಒಂದೊಂದಾಗಿ, ಸದ್ದಿಲ್ಲದೆ. ಸ್ವಲ್ಪ ಹೊತ್ತು ಹುಲ್ಲಿನ ಮೇಲೆ ಸುತ್ತಿ, ಕಾಲು ಇಳಿಬಿಟ್ಟು, ಹಾಗೇ ಮರೆಯಾಗುತ್ತಿದ್ದವು. ಬೆಳಕು ಪೂರ್ತಿ ಕೆಂಪಾಗಿತ್ತು. ಕೊನೆಗೆ ಬಂದ ಒಂದು ಕಂದು ಹ್ಯಾರಿಯರ್‌ನ ಏಳು ಫೋಟೊ ಸಿಕ್ಕವು. ಏಳರಲ್ಲೂ ಕತ್ತು ಹುಲ್ಲಿನ ಹಿಂದೆ, ಇಲ್ಲವೇ ರೆಕ್ಕೆಯ ಹಿಂದೆ. ಗೈಡ್ ಕೂಡ ಗೊತ್ತಾಗಲ್ಲ ಅಂತ ತಲೆಯಾಡಿಸಿದರು. ಅಕ್ಕ ಅದರ ಮುಂದೆ 'ಪ್ಯಾಲಿಡ್ ಅಥವಾ ಮೊಂಟಾಗು' ಅಂತ ಬರೆದು ನೋಟ್‌ಬುಕ್ ಮುಚ್ಚಿದಳು.