ಕಕ್ಕಡದ ಮಳೆ, ಕಾಲಿನ ಉಗುರು

ಸೋಮವಾರಪೇಟೆ, 21 ಜುಲೈ 2024, ಭಾನುವಾರ

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದ ಮೇಲೆ ನನ್ನ ಕ್ಲಿನಿಕ್ಕಿಗೆ ಬರುವವರ ಕಾಲುಗಳನ್ನು ನೋಡದೆ ಕಳುಹಿಸುವಂತಿಲ್ಲ. ನಾಟಿ ಗದ್ದೆಯಿಂದ ಬಂದವರ ಬೆರಳ ಸಂದಿ ಬೆಳ್ಳಗೆ ಕೊಳೆತಿರುತ್ತದೆ. ದಿನವಿಡೀ ಗಂಬೂಟು ಹಾಕಿಕೊಂಡು ತೋಟದಲ್ಲಿ ದುಡಿಯುವವರ ಹೆಬ್ಬೆರಳಿನ ಉಗುರು ಹಳದಿಗಟ್ಟಿ, ದಪ್ಪವಾಗಿ, ತುದಿಯಲ್ಲಿ ಪುಡಿಯಾಗಿ ಉದುರುತ್ತಿರುತ್ತದೆ. ಶಿಲೀಂಧ್ರ (ಫಂಗಸ್) ತಗುಲಿದ ಉಗುರು ಹೀಗಿರುತ್ತದೆ. ಉಗುರಿಗೆಂದೇ ಬರುವವರು ಕಡಿಮೆ. ಜ್ವರಕ್ಕೋ ಸೊಂಟನೋವಿಗೋ ಬಂದಾಗ ನಾವೇ ಗಮನಿಸಬೇಕು. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಕಾಲಿನ ರಕ್ತಸಂಚಾರ ಕುಗ್ಗಿದವರು ಇವರಲ್ಲಿ ಈ ಸೋಂಕು ಹೆಚ್ಚು.

ಹಾಗೆಂದು ಕೆಟ್ಟ ಉಗುರೆಲ್ಲ ಶಿಲೀಂಧ್ರದ್ದಲ್ಲ. ಸುಮಾರು ಅರ್ಧದಷ್ಟಕ್ಕೆ ಸೋರಿಯಾಸಿಸ್ ಎಂಬ ಚರ್ಮರೋಗ, ಬೂಟಿನ ಒತ್ತಡ ಮುಂತಾದ ಬೇರೆ ಕಾರಣಗಳಿರುತ್ತವೆ. ಆದ್ದರಿಂದ ಉಗುರಿನಿಂದ ಕೆರೆದು ತೆಗೆದ ಪುಡಿಯನ್ನು ಕೆಒಎಚ್ ಪರೀಕ್ಷೆಗೆ (ಶಿಲೀಂಧ್ರವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು) ಕಳುಹಿಸದೆ ಮೂರು ತಿಂಗಳ ಮಾತ್ರೆ ಬರೆಯುವುದು ನನಗೆ ಸರಿಯೆನಿಸುವುದಿಲ್ಲ.

ನಿನ್ನೆ ತೋಟವೊಂದರ ಲೆಕ್ಕ ಬರೆಯುವ ರೈಟರ್ ಬಂದಿದ್ದರು. ಶಿಲೀಂಧ್ರ ಕೊಲ್ಲುವ ಟರ್ಬಿನಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೊಂದರಂತೆ 12 ವಾರ ತಪ್ಪದೆ ನುಂಗಿದವರು. "ಡಾಕ್ಟ್ರೇ, ಮಾತ್ರೆ ಮುಗೀತು, ಉಗುರು ಹಾಗೇ ಇದೆಯಲ್ಲ" ಎಂದರು. ಅವರ ಅಸಮಾಧಾನ ನ್ಯಾಯವಾದದ್ದೇ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಒಂದೂವರೆ ಮಿಲಿಮೀಟರಿನಷ್ಟು. ಹೆಬ್ಬೆರಳಿನಲ್ಲಿ ಹಳೆಯದೆಲ್ಲ ಕತ್ತರಿಸಿ ಹೋಗಿ ಹೊಸದು ತುಂಬಲು 12ರಿಂದ 18 ತಿಂಗಳು ಬೇಕು. ಔಷಧವಾದರೋ, ನುಂಗುವುದನ್ನು ನಿಲ್ಲಿಸಿದ ಮೇಲೂ ಉಗುರಿನೊಳಗೆ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತದೆ. ಇದೇ ಮಾತ್ರೆಯ ಮೂಲ ಪ್ರಯೋಗಗಳಲ್ಲಿ 48ನೇ ವಾರಕ್ಕೆ ನೂರರಲ್ಲಿ 70 ಮಂದಿಯ ಉಗುರಿನಲ್ಲಿ ಶಿಲೀಂಧ್ರ ಸಿಗಲಿಲ್ಲ, ಆದರೆ ಉಗುರೂ ಪೂರ್ತಿ ಸ್ವಚ್ಛವಾದದ್ದು 38 ಮಂದಿಗೆ. ಲ್ಯಾಬಿನವರು ಗುಣವೆನ್ನುವುದನ್ನು ರೋಗಿ ಗುಣವೆಂದು ಒಪ್ಪದಿರಲು ಈ ಅಂತರವೇ ಕಾರಣ, ಮತ್ತು ಮೊದಲ ದಿನವೇ ಇದನ್ನು ಬಿಡಿಸಿ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ.

ಬರೀ ಹಚ್ಚುವ ಔಷಧ ಸಾಕೇ ಎಂದು ಹಲವರು ಕೇಳುತ್ತಾರೆ. ಉಗುರುಬಣ್ಣದಂಥ ಸಿಕ್ಲೊಪಿರಾಕ್ಸ್ ಲ್ಯಾಕರ್ 48 ವಾರ ಹಚ್ಚಿದರೂ ಪೂರ್ತಿ ಗುಣವಾದವರು ನೂರರಲ್ಲಿ ಹತ್ತಕ್ಕೂ ಕಡಿಮೆ. ಯಕೃತ್ತಿನ ತೊಂದರೆಯಿರುವವರಿಗೆ ಮಾತ್ರೆ ಕೊಡಲಾಗದಾಗ ಅದೇ ಗತಿ. ರೋಗ ಉಗುರಿನ ಪಕ್ಕದ ಅಂಚಿನುದ್ದಕ್ಕೂ ಹರಿದಿದ್ದರೆ, ದಪ್ಪ ಎರಡು ಮಿಲಿಮೀಟರ್ ಮೀರಿದ್ದರೆ ಮಾತ್ರೆಯ ಫಲವೂ ಇಳಿಯುತ್ತದೆ.

ರೈಟರಿಗೆ ಮತ್ತೆ ಮಾತ್ರೆ ಬರೆಯಲಿಲ್ಲ. ಹೊಸ ಉಗುರಿಗೂ ಕೆಟ್ಟ ಭಾಗಕ್ಕೂ ನಡುವಿನ ಗಡಿಯಲ್ಲಿ ಒಂದು ಗೀರು ಹಾಕಿದೆ. ಉಗುರು ಬೆಳೆದಂತೆ ಗೀರು ತುದಿಯತ್ತ ಸರಿದು, ಹಳದಿ ಅದರ ಹಿಂದಕ್ಕೆ ದಾಟದಿದ್ದರೆ ಚಿಕಿತ್ಸೆ ಫಲಿಸುತ್ತಿದೆ. ದಾಟಿದರೆ ಮತ್ತೆ ಪರೀಕ್ಷೆ. ಅಲ್ಲಿಯವರೆಗೆ ಬೆರಳ ಸಂದಿಗೆ ಮುಲಾಮು, ಗಂಬೂಟಿನೊಳಗೆ ದಿನವೂ ಒಣಗಿದ ಕಾಲುಚೀಲ. ಈ ಮಳೆಯಲ್ಲಿ ಕಾಲುಚೀಲ ಒಣಗಿಸುವುದೆಲ್ಲಿ ಎಂದು ಅವರು ಕೇಳಿದರು. ಒಲೆಯ ಮೇಲಿನ ಅಟ್ಟವೇ ಸರಿ ಎಂದೆ.