ಯಾರ್ಕ್: ಓಡಿಬಂದ ಸರ್ಕಾರ ಒಂಬತ್ತು ತಿಂಗಳು ಕೂತ ಊರು

ಪೆನ್ಸಿಲ್ವೇನಿಯಾದ ಯಾರ್ಕ್ ಸುಮಾರು 45 ಸಾವಿರ ಜನರ ಊರು. ಅಲ್ಲಿಗೆ ಹೋದವರ ಕಣ್ಣಿಗೆ ‘ಅಮೆರಿಕದ ಮೊದಲ ರಾಜಧಾನಿ’ ಎಂಬ ಮಾತು ಬೀಳದೆ ಇರದು. 1777ರ ಸೆಪ್ಟೆಂಬರ್ 30ರಿಂದ 1778ರ ಜೂನ್ 27ರವರೆಗೆ ಬ್ರಿಟನ್ ವಿರುದ್ಧ ಸ್ವಾತಂತ್ರ್ಯ ಯುದ್ಧಕ್ಕಿಳಿದಿದ್ದ ಹದಿಮೂರು ರಾಜ್ಯಗಳ ಪ್ರತಿನಿಧಿ ಸಭೆಯಾದ ಕಾಂಟಿನೆಂಟಲ್ ಕಾಂಗ್ರೆಸ್ ಇಲ್ಲಿ ಸಭೆ ನಡೆಸಿತು ಎಂಬುದರಲ್ಲಿ ಯಾರದೂ ತಕರಾರಿಲ್ಲ. ತಕರಾರಿರುವುದು ‘ಮೊದಲ’ ಎಂಬುದರ ಬಗ್ಗೆ.

ಊರಿನ ಅಭಿಮಾನಿಗಳ ವಾದ ಹೀಗಿದೆ: ಹದಿಮೂರು ರಾಜ್ಯಗಳನ್ನು ಕಟ್ಟಿಹಾಕಿದ ಮೊದಲ ಒಪ್ಪಂದವಾದ ‘ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್’ಗೆ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿದ್ದು ಇಲ್ಲೇ. ದೇಶದ ಹೆಸರು ‘ಯುನೈಟೆಡ್ ಸ್ಟೇಟ್ಸ್ ಆಫ್ ಅಮೆರಿಕ’ ಎಂದು ಮೊದಲ ಕಲಮಿನಲ್ಲೇ ಹೇಳಿದ ದಾಖಲೆ ಅದು. ಹಾಗಾಗಿ ದೇಶ ಹುಟ್ಟಿದ್ದೇ ಇಲ್ಲಿ. ಈ ವಾದ ನಿಲ್ಲುವುದಿಲ್ಲ. ಆ ಹೆಸರು 1776ರ ಸ್ವಾತಂತ್ರ್ಯ ಘೋಷಣೆಯಲ್ಲೇ ಇದೆ. ಅದೇ ವರ್ಷದ ಸೆಪ್ಟೆಂಬರ್ 9ರಂದು, ಇನ್ನು ಮುಂದೆ ‘ಯುನೈಟೆಡ್ ಕಾಲೊನೀಸ್’ ಬದಲು ‘ಯುನೈಟೆಡ್ ಸ್ಟೇಟ್ಸ್’ ಎಂದು ಬರೆಯಬೇಕೆಂದು ಫಿಲಡೆಲ್ಫಿಯಾದಲ್ಲಿ ಠರಾವೂ ಆಗಿತ್ತು. ಯಾರ್ಕ್‌ಗೆ ಬರುವ ಮೊದಲು ಕಾಂಗ್ರೆಸ್ ಬಾಲ್ಟಿಮೋರ್‌ನಲ್ಲೂ ಎರಡು ತಿಂಗಳು ಕೂತು ಹೋಗಿತ್ತು. ಆದರೆ ‘ಮೊದಲ’ ಎಂಬ ಪಟ್ಟ ಹೋದರೂ ಯಾರ್ಕ್‌ನ ತೂಕ ಕಡಿಮೆಯಾಗುವುದಿಲ್ಲ. ರಾಜಧಾನಿ ಕಳೆದುಕೊಂಡ ಸರ್ಕಾರವೊಂದು ಬೇರೆ ಊರಿನಲ್ಲಿ ಮತ್ತೆ ಕೆಲಸ ಶುರುಮಾಡಲು ಏನೇನು ಬೇಕು ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಅಮೆರಿಕದಲ್ಲಿ ಸಿಗುವುದು ಕಷ್ಟ.

ಮೊದಲು ಬೇಕಾದದ್ದು ಒಂದು ನದಿ. 1777ರ ಸೆಪ್ಟೆಂಬರ್ 11ರಂದು ಬ್ರಾಂಡಿವೈನ್‌ನಲ್ಲಿ ಅಮೆರಿಕದ ಸೇನಾಪತಿ ವಾಷಿಂಗ್ಟನ್ ಸೋತ ಮೇಲೆ ಬ್ರಿಟಿಷ್ ಸೇನಾಪತಿ ಹೌ ರಾಜಧಾನಿ ಫಿಲಡೆಲ್ಫಿಯಾ ಹಿಡಿಯುವುದು ಬರೀ ದಿನಗಳ ಲೆಕ್ಕವಾಗಿತ್ತು. ಕಾಂಗ್ರೆಸ್ ಸದಸ್ಯರು ಊರು ಬಿಟ್ಟರು. ಕೆಲವರು ನೇರ ದಾರಿ ಬೇಡವೆಂದು ಬೆತ್ಲೆಹೆಮ್ ಕಡೆಯಿಂದ ಸುತ್ತಿಕೊಂಡು ಹೋದರು. ಸೆಪ್ಟೆಂಬರ್ 26ರಂದು ಬ್ರಿಟಿಷರು ಫಿಲಡೆಲ್ಫಿಯಾ ಹೊಕ್ಕರು. ಮರುದಿನ ಲ್ಯಾಂಕಾಸ್ಟರ್‌ನಲ್ಲಿ ಕಾಂಗ್ರೆಸ್ ಸಭೆ ನಡೆಯಿತು. ಅಲ್ಲಿ ನಡೆದದ್ದು ಆ ಒಂದು ದಿನ ಮಾತ್ರ. ಪೆನ್ಸಿಲ್ವೇನಿಯಾದ ರಾಜ್ಯ ಸರ್ಕಾರವೂ ಅದೇ ಊರಿಗೆ ಬಂದು ಸೇರುತ್ತಿತ್ತು; ಅದಕ್ಕಿಂತ ಮುಖ್ಯವಾಗಿ, ಲ್ಯಾಂಕಾಸ್ಟರ್‌ಗೂ ಶತ್ರುವಿಗೂ ನಡುವೆ ದೊಡ್ಡ ಅಡ್ಡಿಯೇನೂ ಇರಲಿಲ್ಲ. ಇನ್ನು ಸುಮಾರು 40 ಕಿ.ಮೀ. ಪಶ್ಚಿಮಕ್ಕೆ ಹೋದರೆ ಸಸ್ಕ್ವೆಹಾನಾ ದಾಟಿ ಯಾರ್ಕ್ ಸೇರಬಹುದಿತ್ತು. ರೈಟ್ಸ್ ಫೆರಿ ಎಂಬ ಕಡವಿನಲ್ಲಿ ಆ ನದಿ ಹೆಚ್ಚುಕಡಿಮೆ ಒಂದು ಮೈಲಿ ಅಗಲ. ಅಲ್ಲಿ ಮೊದಲ ಸೇತುವೆ ಬಂದದ್ದು 1814ರಲ್ಲಿ. 1777ರಲ್ಲಿ ದಾಟಬೇಕೆಂದರೆ ದೋಣಿಯೇ ಗತಿ. ಫಿರಂಗಿ, ಕುದುರೆ, ಸಾಮಾನು ಗಾಡಿಗಳ ಸೈನ್ಯಕ್ಕೆ ಅದು ಸುಲಭದ ಕೆಲಸವಲ್ಲ. ನಕಾಶೆಯಲ್ಲಿ ಯಾರ್ಕ್ ನೋಡುವಾಗ ರಸ್ತೆಗಳನ್ನು ಬಿಟ್ಟು ಈ ನೀಲಿ ಗೆರೆಯನ್ನು ನೋಡಿ. ಊರಿನ ಆಯ್ಕೆಗೆ ಕಾರಣ ಅಲ್ಲೇ ಇದೆ.

ಎರಡನೆಯದು ಸಭೆಗೆ ಒಂದು ಸೂರು. 1741ರಲ್ಲಿ ಗೆರೆ ಎಳೆದು ಕಟ್ಟಿದ ಊರು ಯಾರ್ಕ್; ಆಗ ಇದ್ದದ್ದು ಎರಡು ಸಾವಿರಕ್ಕೂ ಕಡಿಮೆ ಜನ, ಅವರಲ್ಲಿ ಬಹಳಷ್ಟು ಮಂದಿ ಜರ್ಮನ್ ಮಾತಾಡುವವರು. ನಡು ಚೌಕದಲ್ಲಿ 1750ರ ದಶಕದ ಕೋರ್ಟ್ ಹೌಸ್ ಇತ್ತು, ಕಾಂಗ್ರೆಸ್ ಅದರಲ್ಲಿ ಕೂತಿತು. ಖಜಾನೆ ಚೌಕದ ಮೂಲೆಯಲ್ಲಿದ್ದ ಆರ್ಚಿಬಾಲ್ಡ್ ಮೆಕ್ಲೀನ್ ಅವರ ಮನೆಗೆ ಹೋಯಿತು. ಯುದ್ಧ ಮಂಡಳಿಗೆ ಜೇಮ್ಸ್ ಸ್ಮಿತ್ ಅವರ ವಕೀಲಿ ಕಚೇರಿ ಸಿಕ್ಕಿತು. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಯಾರ್ಕ್‌ನ ವಕೀಲರು ಇವರೇ.

ಕೆಡುತ್ತಿದ್ದದ್ದು ಹಾಜರಿ. ಪ್ರತಿನಿಧಿಗಳು ತಿಂಗಳುಗಟ್ಟಲೆ ಮನೆ ಬಿಟ್ಟು ಇರಬೇಕು, ಉಳಿಯಲು ಜಾಗ ಸಾಲದು, ಸಾಮಾನಿನ ಬೆಲೆ ಏರುತ್ತಲೇ ಇತ್ತು. ಎಷ್ಟೋ ದಿನ ಇಪ್ಪತ್ತು ಜನ ಸೇರುವುದೇ ಕಷ್ಟ. ಜಾನ್ ಹ್ಯಾನ್‌ಕಾಕ್ ಅಕ್ಟೋಬರ್ ಕೊನೆಗೆ ಕಾಂಗ್ರೆಸ್‌ನ ಅಧ್ಯಕ್ಷ ಪೀಠ ಬಿಟ್ಟು ಊರಿಗೆ ಹೊರಟರು; ನವೆಂಬರ್ 1ರಂದು ದಕ್ಷಿಣ ಕೆರೊಲೈನಾದ ಹೆನ್ರಿ ಲಾರೆನ್ಸ್ ಅಧ್ಯಕ್ಷರಾದರು. ಯಾರ್ಕ್‌ನ ಹೆಚ್ಚಿನ ಕಾಲಕ್ಕೆ ಅಧ್ಯಕ್ಷರು ಲಾರೆನ್ಸ್ ಎಂಬುದನ್ನು ಜನ ಮರೆತು, ಎಲ್ಲವನ್ನೂ ಹ್ಯಾನ್‌ಕಾಕ್ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಇಷ್ಟು ಕಡಿಮೆ ಜನ ಕೂತು ಮಾಡಿದ ಕೆಲಸ ಮಾತ್ರ ದೊಡ್ಡದು. ಆರ್ಟಿಕಲ್ಸ್‌ನ ಕರಡು 1776ರ ಜುಲೈಯಿಂದಲೇ ಕಾಂಗ್ರೆಸ್ ಮುಂದೆ ಇತ್ತು. ಮೂರು ಪ್ರಶ್ನೆಗಳು ಬಗೆಹರಿಯದೆ ನಿಂತುಹೋಗಿತ್ತು. ಯಾರ್ಕ್‌ನಲ್ಲಿ ಅಕ್ಟೋಬರ್ ತಿಂಗಳಿಡೀ ಅವನ್ನೇ ಹಿಡಿದುಕೊಂಡು ಕೂತರು. ಮೊದಲನೆಯದು ಮತದ ಪ್ರಶ್ನೆ. ಜನಸಂಖ್ಯೆ ನೋಡಿ ಮತ ಕೊಡಬೇಕೆಂದು ವರ್ಜೀನಿಯಾದಂಥ ದೊಡ್ಡ ರಾಜ್ಯ ಪಟ್ಟುಹಿಡಿದರೂ, ಒಂದು ರಾಜ್ಯಕ್ಕೆ ಒಂದೇ ಮತ ಎಂದು ತೀರ್ಮಾನವಾಯಿತು. ಎರಡನೆಯದು ಖರ್ಚಿನ ಪಾಲು. ತಲೆ ಎಣಿಸಿದರೆ ಗುಲಾಮರನ್ನು ಎಣಿಸಬೇಕೇ ಬೇಡವೇ ಎಂಬ ಜಗಳ ಏಳುತ್ತಿತ್ತು, ಅದಕ್ಕೇ ಪ್ರತಿ ರಾಜ್ಯದ ಜಮೀನು ಮತ್ತು ಕಟ್ಟಡಗಳ ಬೆಲೆಯ ಮೇಲೆ ಪಾಲು ಎಂದಾಯಿತು. ಕಾಗದದ ಮೇಲೆ ಜಾಣ ಉಪಾಯ. ಆದರೆ ಯುದ್ಧದ ನಡುವೆ ಇಡೀ ದೇಶದ ಜಮೀನಿಗೆ ಬೆಲೆ ಕಟ್ಟುವವರು ಯಾರು? ಮೂರನೆಯದು ಪಶ್ಚಿಮದ ಭೂಮಿ. ಕೆಲವು ರಾಜ್ಯಗಳ ಹಕ್ಕು ಮಿಸಿಸಿಪಿಯವರೆಗೂ ಚಾಚಿತ್ತು. ಅದಕ್ಕೆ ಗಡಿ ಹಾಕುವ ಅಧಿಕಾರ ಕಾಂಗ್ರೆಸ್‌ಗೆ ಬೇಡ ಎಂದರು. ನವೆಂಬರ್ 15ರಂದು ಹದಿಮೂರು ಕಲಮುಗಳ ಒಪ್ಪಂದಕ್ಕೆ ಅಂಗೀಕಾರ ಸಿಕ್ಕಿತು. ಲ್ಯಾಂಕಾಸ್ಟರ್‌ನ ಮುದ್ರಕ ಫ್ರಾನ್ಸಿಸ್ ಬೇಲಿ ಅಚ್ಚು ಹಾಕಿದ ಪ್ರತಿಗಳು ರಾಜ್ಯಗಳಿಗೆ ಹೋದವು.

ಇಲ್ಲೇ ಹಲವರು ಎಡವುತ್ತಾರೆ. ಯಾರ್ಕ್‌ನಲ್ಲಿ ಆದದ್ದು ಕಾಂಗ್ರೆಸ್‌ನ ಒಪ್ಪಿಗೆ ಅಷ್ಟೇ. ಜಾರಿಗೆ ಬರಲು ಹದಿಮೂರೂ ರಾಜ್ಯಗಳು ಒಪ್ಪಬೇಕಿತ್ತು. ವರ್ಜೀನಿಯಾ ಡಿಸೆಂಬರ್‌ನಲ್ಲೇ ಒಪ್ಪಿತು. ಪಶ್ಚಿಮದ ಭೂಮಿಯಲ್ಲಿ ಪಾಲಿಲ್ಲದ ಮೇರಿಲ್ಯಾಂಡ್, ದೊಡ್ಡ ರಾಜ್ಯಗಳು ಆ ಹಕ್ಕು ಬಿಡುವವರೆಗೂ ಸಹಿ ಹಾಕುವುದಿಲ್ಲವೆಂದು ಕೂತಿತು. ಕೊನೆಗೆ ಒಪ್ಪಂದ ಜಾರಿಯಾದದ್ದು 1781ರ ಮಾರ್ಚ್ 1ರಂದು, ಫಿಲಡೆಲ್ಫಿಯಾದಲ್ಲಿ. ಅಂದರೆ ಯಾರ್ಕ್‌ನಲ್ಲಿ ಬಗೆಹರಿಸಿದ್ದೇವೆ ಎಂದುಕೊಂಡ ಮೂರನೆಯ ಪ್ರಶ್ನೆಯೇ ಮೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲವನ್ನೂ ತಡೆಹಿಡಿಯಿತು. ಇನ್ನೊಂದು ಕೊರತೆ ಒಪ್ಪಂದದ ಒಳಗೇ ಇತ್ತು: ತೆರಿಗೆ ಹಾಕುವ ಅಧಿಕಾರ ಕಾಂಗ್ರೆಸ್‌ಗೆ ಇಲ್ಲ, ರಾಜ್ಯಗಳನ್ನು ಕೇಳಿಕೊಳ್ಳಬಹುದು ಅಷ್ಟೇ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಾಗಾದರೆ ಸೈನಿಕರ ಸಂಬಳಕ್ಕೆ ದುಡ್ಡು ಎಲ್ಲಿಂದ? ಅಚ್ಚಿನ ಮನೆಯಿಂದ. ಹಾಲ್ ಆಂಡ್ ಸೆಲ್ಲರ್ಸ್ ಸಂಸ್ಥೆಯ ಮುದ್ರಣಯಂತ್ರವನ್ನು ಫಿಲಡೆಲ್ಫಿಯಾದಿಂದ ಯಾರ್ಕ್‌ಗೆ ತಂದು ಹೂಡಿದ್ದರು. ಈ ಕಾಲದ್ದೇ ಆದ ವಸ್ತು ಯಾವುದಾದರೂ ಒಂದನ್ನು ಹತ್ತಿರದಿಂದ ನೋಡಬೇಕೆಂದಿದ್ದರೆ, 1778ರ ಏಪ್ರಿಲ್ 11ರ ನೋಟನ್ನು ಹುಡುಕಿ ನೋಡಿ. 4, 5, 6, 7, 8, 20, 30, 40 ಡಾಲರ್‌ಗಳ ಎಂಟು ಬಗೆ. ಮೇಲೆ ‘ಯಾರ್ಕ್‌ಟೌನ್’ ಎಂದೇ ಅಚ್ಚಾಗಿದೆ. 1781ರಲ್ಲಿ ಬ್ರಿಟಿಷರು ಶರಣಾದ ವರ್ಜೀನಿಯಾದ ಯಾರ್ಕ್‌ಟೌನ್‌ಗೂ ಇದಕ್ಕೂ ಸಂಬಂಧವಿಲ್ಲ. ಪೆನ್ಸಿಲ್ವೇನಿಯಾದ ಯಾರ್ಕ್ ಊರನ್ನು ಆಗ ಹಾಗೆ ಕರೆಯುತ್ತಿದ್ದರು. 40 ಡಾಲರ್ ನೋಟಿನ ಮೇಲೆ ವೃತ್ತಾಕಾರವಾಗಿ ಹದಿಮೂರು ನಕ್ಷತ್ರಗಳು, ಅವುಗಳ ಮೇಲೆ ಕಿರಣ ಚೆಲ್ಲುವ ಒಂದು ಕಣ್ಣು, ಜೊತೆಗೆ ‘ಕಾನ್ಫೆಡರೇಷನ್’ ಎಂಬ ಪದ. ಐದು ತಿಂಗಳ ಹಿಂದೆ ಕೋರ್ಟ್ ಹೌಸ್‌ನಲ್ಲಿ ಒಪ್ಪಿದ್ದನ್ನು ಇಲ್ಲಿ ನೋಟಿನ ಮೇಲೆ ಇಳಿಸಿದ್ದಾರೆ, ಒಪ್ಪಂದವಿನ್ನೂ ಜಾರಿಯೇ ಆಗಿರಲಿಲ್ಲ.

ಅಸಲಿ ನೋಟಿಗೆ ಗುರುತುಗಳಿವೆ. ಕಾಗದ ಬಟ್ಟೆ ಚಿಂದಿಯಿಂದ ಮಾಡಿದ್ದು, ದಪ್ಪ. ಅದರ ತಿರುಳಿನಲ್ಲಿ ಅಭ್ರಕದ ಚೂರುಗಳನ್ನೂ ನೀಲಿ ಎಳೆಗಳನ್ನೂ ಸೇರಿಸಿರುತ್ತಿದ್ದರು. ಬೆಳಕಿಗೆ ಓರೆಯಾಗಿ ಹಿಡಿದರೆ ಅಭ್ರಕ ಮಿನುಗುತ್ತದೆ. ಹಿಂಬದಿಯಲ್ಲಿ ನಿಜವಾದ ಎಲೆಯಿಂದ ತೆಗೆದ ಅಚ್ಚು ಇರುತ್ತದೆ. ಎಲೆಯ ನರಗಳ ದಪ್ಪ–ಸಣ್ಣವನ್ನು ಕೈಯಿಂದ ಕೆತ್ತಿ ನಕಲು ಮಾಡುವುದು ಬಹಳ ಕಷ್ಟ ಎಂಬುದೇ ಇದರ ಯುಕ್ತಿ. ಈ ವಿಧಾನ ತಂದವರು ಬೆಂಜಮಿನ್ ಫ್ರಾಂಕ್ಲಿನ್. ಮುಂಬದಿಯ ಕ್ರಮಸಂಖ್ಯೆ ಮತ್ತು ಎರಡು ಸಹಿಗಳು ಲೇಖನಿಯಿಂದ ಕೈಯಾರೆ ಬರೆದವು. ಸ್ಮರಣಿಕೆಯ ಅಂಗಡಿಗಳಲ್ಲಿ ಸಿಗುವ ಹಳದಿ ಬಣ್ಣದ, ಮಡಚಿದರೆ ಚರಚರ ಎನ್ನುವ ಪ್ರತಿಗಳಲ್ಲಿ ಸಂಖ್ಯೆ, ಸಹಿ, ಅಕ್ಷರ ಎಲ್ಲವೂ ಒಂದೇ ಶಾಯಿಯ ಅಚ್ಚು. ಭೂತಗನ್ನಡಿ ಹಿಡಿದು ಸಹಿಯ ಗೆರೆ ನೋಡಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಖೋಟಾ ನೋಟುಗಳು ಬಂದೇ ಬಂದವು. ಈ ಕಂತಿನ ನೋಟುಗಳಿಗೂ 1777ರ ಮೇ 20ರ ಕಂತಿನವಕ್ಕೂ ಎಷ್ಟು ನಕಲು ಹುಟ್ಟಿತೆಂದರೆ, 1779ರ ಜನವರಿ 2ರಂದು ಎರಡನ್ನೂ ಚಲಾವಣೆಯಿಂದ ಹಿಂದಕ್ಕೆ ತೆಗೆದುಕೊಳ್ಳಲು ಕಾಂಗ್ರೆಸ್ ಠರಾವು ಮಾಡಬೇಕಾಯಿತು. ಅಸಲಿ ನೋಟಿನ ಗತಿಯೂ ಒಳ್ಳೆಯದಿರಲಿಲ್ಲ. 1780ರ ಮಾರ್ಚ್‌ನಲ್ಲಿ 40 ಕಾಗದದ ಡಾಲರ್‌ಗೆ ಒಂದು ಬೆಳ್ಳಿ ಡಾಲರ್ ಎಂದು ಕಾಂಗ್ರೆಸ್ಸೇ ಲೆಕ್ಕ ಕಟ್ಟಿತು. ತೆರಿಗೆಯ ಬಲವಿಲ್ಲದೆ ಅಚ್ಚು ಹಾಕಿದ ನೋಟಿಗೆ ಬೇರೆ ದಾರಿ ಇರಲಿಲ್ಲ.

ಯುದ್ಧದ ಸುದ್ದಿಗಳ ವಿಷಯ ಬೇಗ ಹೇಳಬಹುದು. ಸರಟೋಗಾದಲ್ಲಿ ಬ್ರಿಟಿಷ್ ಸೇನಾನಿ ಬರ್ಗೋಯ್ನ್ ಶರಣಾದ ಸುದ್ದಿಯನ್ನು ಕಾಂಗ್ರೆಸ್ ಕೇಳಿದ್ದು ಇಲ್ಲಿ, ಅದರ ಬೆನ್ನಿಗೇ ಡಿಸೆಂಬರ್ 18ನ್ನು ಇಡೀ ದೇಶದ ಕೃತಜ್ಞತಾ ದಿನವೆಂದು ಸಾರಿದ್ದು ಇಲ್ಲಿ. ಫ್ರಾನ್ಸ್ ಜೊತೆಗಿನ ಒಪ್ಪಂದಗಳು 1778ರ ಮೇ 2ರಂದು ಕೈಸೇರಿದವು, 4ರಂದು ಅಂಗೀಕಾರವಾದವು. ಎರಡೇ ದಿನ! ವಾಷಿಂಗ್ಟನ್ ಸೈನ್ಯ ವ್ಯಾಲಿ ಫೋರ್ಜ್‌ನಲ್ಲಿ ಚಳಿ, ಹಸಿವಿನಲ್ಲಿದ್ದಾಗ ಅವರ ಜಾಗಕ್ಕೆ ಸರಟೋಗಾ ಗೆದ್ದ ಸೇನಾನಿ ಗೇಟ್ಸ್ ಬರಲಿ ಎಂಬ ಗುಸುಗುಸು ಎದ್ದದ್ದೂ ಈ ಕಾಲದಲ್ಲೇ. ಗೇಟ್ಸ್ ಅವರ ಊಟದ ಮೇಜಿನಲ್ಲಿ ಯಾರೂ ವಾಷಿಂಗ್ಟನ್ ಹೆಸರೆತ್ತದೆ ಇದ್ದಾಗ, ವಾಷಿಂಗ್ಟನ್ ಸೈನ್ಯದಲ್ಲಿದ್ದ ಫ್ರೆಂಚ್ ಸೇನಾನಿ ಲಫಯೆಟ್ ಎದ್ದು ಸೇನಾಪತಿಯ ಹೆಸರಿನಲ್ಲಿ ಗ್ಲಾಸು ಎತ್ತಿದ ಕಥೆಯನ್ನು ಊರಿನವರು ಇಂದಿಗೂ ಹೇಳುತ್ತಾರೆ. ಅದಕ್ಕೆ ಆಧಾರ ಲಫಯೆಟ್ ತಾವೇ ಬರೆದಿಟ್ಟ ನೆನಪುಗಳು.

ಇನ್ನು ಹೋಗಿ ನೋಡುವವರಿಗೆ. ಮಾರ್ಕೆಟ್ ಮತ್ತು ಜಾರ್ಜ್ ರಸ್ತೆಗಳು ಕೂಡುವ ಕಾಂಟಿನೆಂಟಲ್ ಸ್ಕ್ವೇರ್‌ನಿಂದ ಶುರುಮಾಡಿ. ಕಾಂಗ್ರೆಸ್ ಕೂತ ಕೋರ್ಟ್ ಹೌಸ್ ಇದ್ದದ್ದು ಇಲ್ಲಿ. 1841ರಲ್ಲಿ ಅದನ್ನು ಕೆಡವಿದರು. ಮಾರ್ಕೆಟ್ ರಸ್ತೆಯಲ್ಲೇ ಪಶ್ಚಿಮಕ್ಕೆ, ಕೊಡೋರಸ್ ಹೊಳೆಯ ಕಡೆಗೆ ನಡೆದರೆ ಬೇಗನೆ ಇನ್ನೊಂದು ಕೋರ್ಟ್ ಹೌಸ್ ಎದುರಾಗುತ್ತದೆ. ಬಹಳ ಜನ ಇದನ್ನೇ ಮೂಲ ಕಟ್ಟಡ ಎಂದುಕೊಂಡು ಫೋಟೊ ತೆಗೆದು ಹೋಗುತ್ತಾರೆ. ಇದು 1976ರಲ್ಲಿ, ದೇಶದ ಇನ್ನೂರನೇ ವರ್ಷಕ್ಕೆ ಹೊಸದಾಗಿ ಕಟ್ಟಿದ್ದು, ಜಾಗವೂ ಬೇರೆ. ಒಳಗಿನ ಅಳತೆ, ಆಸನದ ಜೋಡಣೆ ಕಲ್ಪಿಸಿಕೊಳ್ಳಲು ಉಪಯೋಗಕ್ಕೆ ಬರುತ್ತದೆ, ಅದರಾಚೆಗೆ ಸಾಕ್ಷ್ಯವಲ್ಲ.

ನಿಜವಾಗಿ ಆ ಕಾಲದ್ದು ಪಕ್ಕದಲ್ಲೇ ಇದೆ. 1741ರ ಗೋಲ್ಡನ್ ಪ್ಲೌ ಟ್ಯಾವರ್ನ್ ಎಂಬ ಹಳೆಯ ಪಾನಗೃಹದ ಗೋಡೆಯ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಕೆಳಗಿನ ಅಂತಸ್ತು ಚೌಕ ಮಾಡಿದ ಮರದ ದಿಮ್ಮಿಗಳದ್ದು. ಮೇಲಿನದು ಮರದ ಚೌಕಟ್ಟು ನಿಲ್ಲಿಸಿ ನಡುವೆ ಇಟ್ಟಿಗೆ ತುಂಬಿದ ಜರ್ಮನ್ ಪದ್ಧತಿ. ಅದಕ್ಕೆ ತಾಗಿಕೊಂಡೇ 1751ರ ಗೇಟ್ಸ್ ಹೌಸ್ ಇದೆ, ಅದು ಕಲ್ಲಿನ ಕಟ್ಟಡ, ಇಂಗ್ಲಿಷ್ ಮಾದರಿ. ಎರಡು ಸಮುದಾಯಗಳ ಕಟ್ಟೋಣ ಹೀಗೆ ಗೋಡೆಗೆ ಗೋಡೆ ಹಚ್ಚಿ ಉಳಿದಿರುವುದು ಊರಿನ ನಿಜವಾದ ಭಾಗ್ಯ. ಹೊರಗೆ ಗ್ಲಾಸು ಎತ್ತಿ ನಿಂತ ಲಫಯೆಟ್ ಪ್ರತಿಮೆ ಇದೆ. ಅದೇ ಆವರಣದ ಬಾಬ್ ಲಾಗ್ ಹೌಸ್ 1812ರದು. ಚೆನ್ನಾಗಿದೆ, ಆದರೆ ಕಾಂಗ್ರೆಸ್ ಕಾಲಕ್ಕೆ ಸೇರಿದ್ದಲ್ಲ. ಈ ಕಟ್ಟಡಗಳನ್ನು ನೋಡಿಕೊಳ್ಳುವುದು ಯಾರ್ಕ್ ಕೌಂಟಿ ಹಿಸ್ಟರಿ ಸೆಂಟರ್. ಒಳಗೆ ಹೋಗಲು ದಿನ, ಸಮಯ ನಿಗದಿ ಇರುತ್ತದೆ, ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ಉತ್ತರ ಜಾರ್ಜ್ ರಸ್ತೆಯ ಪ್ರಾಸ್ಪೆಕ್ಟ್ ಹಿಲ್ ಸ್ಮಶಾನದಲ್ಲಿ ನ್ಯೂಯಾರ್ಕ್‌ನ ಫಿಲಿಪ್ ಲಿವಿಂಗ್‌ಸ್ಟನ್ ಅವರ ಸಮಾಧಿ ಇದೆ. ಕಾಯಿಲೆಯಲ್ಲೇ ಸಭೆಗೆ ಬಂದು 1778ರ ಜೂನ್ 12ರಂದು ಇಲ್ಲೇ ತೀರಿಕೊಂಡರು. ಬ್ರಿಟಿಷರು ಫಿಲಡೆಲ್ಫಿಯಾ ಬಿಟ್ಟದ್ದು ಜೂನ್ 18ರಂದು. 27ರಂದು ಯಾರ್ಕ್‌ನಲ್ಲಿ ಕೊನೆಯ ಸಭೆ ಮುಗಿಸಿದ ಕಾಂಗ್ರೆಸ್ ಜುಲೈ 2ರಂದು ಫಿಲಡೆಲ್ಫಿಯಾದಲ್ಲಿ ಮತ್ತೆ ಸೇರಿತು. ಸ್ಮಶಾನ ಚೌಕದಿಂದ ದೂರವಿದೆ, ನಡೆಯುವ ಬದಲು ಕಾರಿನಲ್ಲಿ ಹೋಗುವುದು ಲೇಸು. ಚೌಕದ ಹತ್ತಿರ 1888ರ ಸೆಂಟ್ರಲ್ ಮಾರ್ಕೆಟ್ ಇದೆ. ಅದು ವಾರದ ಎಲ್ಲ ದಿನ ತೆರೆಯುವುದಿಲ್ಲ, ಮಂಗಳವಾರ, ಗುರುವಾರ, ಶನಿವಾರ ವ್ಯಾಪಾರದ ದಿನಗಳು. ಆ ದಿನಗಳಲ್ಲಿ ಬೆಳಗ್ಗೆಯೇ ಹೋದರೆ ತಿಂಡಿ ಅಲ್ಲೇ ಮುಗಿಸಿ, ಟ್ಯಾವರ್ನ್ ತೆರೆಯುವ ಹೊತ್ತಿಗೆ ಅಲ್ಲಿಗೆ ನಡೆದು ಹೋಗಬಹುದು.